ಒಟ್ಟೋಕಾರ್ ಕ್ನಾಪ್ ಅವರ ನಿಧನ

ಸಂಪಾದಕಿ ರೋಸ್ವಿತಾಳ ಲೇಖನದಲ್ಲಿದ್ದ ‘ಸ್ವಾಕೊಬ್ಮುಂಡ್’ ಎಂಬ ಊರಿನ ಹೆಸರನ್ನು ಪತ್ರಿಕೆಯ ಕರಡು ತಿದ್ದುವ ಹೆರ್ಟಾ ಎಂದಿನಂತೆ ‘ಸ್ವಾಕೊಪ್ಮುಂಡ್’ ಎಂದು ತಿದ್ದಿದಳು. ರೋಸ್ವಿತಾಳ ಆ ಬಕಾರ ಒಮ್ಮೆಯೂ ಅಚ್ಚಾಗಲು ಅವಳು ಬಿಟ್ಟವಳಲ್ಲ. ಆಮೇಲೆ ನಿಧನವಾರ್ತೆಗಳ ಪುಟ ತೆಗೆದು, ಒಂದು ಹೆಸರಿನ ಪಕ್ಕ ಶಿಲುಬೆ ಹಾಕಿ, ಒಟ್ಟೋಕಾರ್ ಕ್ನಾಪ್ ಅವರನ್ನು ಸಾಯಿಸಿದಳು. ವಯಸ್ಸು ಎಂಬತ್ತೊಂಬತ್ತು. ಊರು ಸ್ವಾಕೊಪ್ಮುಂಡ್. ದಯವಿಟ್ಟು ಹೂವು ತರಬೇಡಿ.

ಬೇರೆ ದಾರಿಯಿರಲಿಲ್ಲ. ಬೆಳಿಗ್ಗೆಯಷ್ಟೇ ರೋಸ್ವಿತಾ ಬಾಗಿಲಲ್ಲಿ ನಿಂತು ಹೇಳಿದ್ದಳು: “ಶನಿವಾರ ಹೋಗಿ ಆ ಕ್ನಾಪ್ ಮುದುಕನ್ನ ಕಣ್ಣಾರೆ ನೋಡ್ಕೊಂಡು ಬರ್ತೀನಿ ಕಣೆ. ಕೇಕ್ ತಗೊಂಡು ಹೋಗ್ಲಾ, ದೊಣ್ಣೆ ತಗೊಂಡು ಹೋಗ್ಲಾ?”

“ಹಲ್ಲಿರೋದು ಅನುಮಾನ ಮೇಡಂ. ದೊಣ್ಣೆನೇ ವಾಸಿ.”

ಹನ್ನೊಂದು ವರ್ಷದಿಂದ ಪ್ರತಿ ಶುಕ್ರವಾರ ಕ್ನಾಪ್ ಅವರ ಪತ್ರ. ಪತ್ರಿಕೆಯ ಜರ್ಮನ್ ಹದಗೆಟ್ಟಿದೆ. ಪದಬಂಧ ಮಕ್ಕಳಾಟವಾಗಿದೆ. ಸಂಪಾದಕಿಗೆ ನಮ್ಮೂರಿನ ಹೆಸರೇ ಬರೆಯಲು ಬಾರದು, ಪಕಾರವಿರಬೇಕಾದಲ್ಲಿ ಬಕಾರ! ದೂರದೂರದ ಫಾರ್ಮುಗಳಲ್ಲಿ ದನ ಸಾಕಿಕೊಂಡಿರುವ ಜರ್ಮನರು ವಿಂಡ್‌ಹುಕ್‌ನ ಈ ಪತ್ರಿಕೆ ತರಿಸುತ್ತಿದ್ದದ್ದೇ ಎರಡು ಕಾರಣಕ್ಕೆ. ಯಾರು ಸತ್ತರು, ಕ್ನಾಪ್ ಯಾರನ್ನು ಬೈದರು.

ಆ ಪತ್ರಗಳನ್ನೆಲ್ಲ ಬರೆದವಳು ಹೆರ್ಟಾ. ಮನೆಯಲ್ಲೂ ಕಚೇರಿಯಲ್ಲೂ ಯಾರಿಗೂ ಎದುರಾಡದವಳಿಗೆ ವಾರಕ್ಕೊಮ್ಮೆ ಮೀಸೆ ಮೂಡುತ್ತಿತ್ತು. ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತಿತ್ತು, ಮೀಸೆಯೂ ಹೋಗುತ್ತಿತ್ತು. ಕೆಲಸವಾದರೂ ಉಳಿಯಲಿ ಎಂದು ಮುದುಕನನ್ನು ಕಳಿಸಿಕೊಟ್ಟಳು.

ಮರುದಿನ ವಾರ್ತೆ ಓದಿದ ರೋಸ್ವಿತಾ ಡಬ್ಬಿಯೊಂದನ್ನು ತಂದು ಮೇಜಿನ ಮೇಲಿಟ್ಟಳು. “ಛೇ, ಕೇಕ್ ಆಗ್ಲೇ ಮಾಡಿಬಿಟ್ಟಿದ್ದೆ. ಪುಣ್ಯಾತ್ಮ ಎರಡು ದಿನ ತಡ್ಕೊಂಡಿದ್ರೆ ಏನಾಗ್ತಿತ್ತು? ತಿನ್ನು, ತಿನ್ನು. ಮುಖ ಬಾಡಿದೆ, ಹತ್ತಿರದವರು ಯಾರೋ ಹೋದ ಹಾಗೆ.”

ಹೆರ್ಟಾ ಎರಡು ತುಂಡು ತಿಂದಳು. ಒಂದು ಕ್ನಾಪ್ ಅವರ ಪಾಲು.

ಸೋಮವಾರ ತಿದ್ದಲು ಬಂದ ಪುಟದ ಮೂಲೆಯಲ್ಲಿ ಒಂದು ಹೊಸ ಪ್ರಕಟಣೆಯಿತ್ತು.

“ನನ್ನ ಪ್ರೀತಿಯ ಪತಿ ಒಟ್ಟೋಕಾರ್, ಅಚ್ಚಾಗದ ತಪ್ಪುಗಳನ್ನೂ ಹಿಡಿಯಬಲ್ಲವರಾಗಿದ್ದರು. ಅವರ ಪೆಟ್ಟಿಗೆಯಲ್ಲಿ ಇನ್ನೂರು ಪತ್ರಗಳು ಹಾಗೆಯೇ ಉಳಿದಿವೆ. ಎಂದಿನಂತೆ ಪ್ರತಿ ಶುಕ್ರವಾರ ಬರುತ್ತವೆ. — ವಿಧವೆ ಅಡೆಲೆ ಕ್ನಾಪ್, ಸ್ವಾಕೊಬ್ಮುಂಡ್.”

ಹೆರ್ಟಾಳ ಪೆನ್ಸಿಲು ರೋಸ್ವಿತಾಳ ಆ ಬಕಾರದ ಮೇಲೆ ತುಸು ಹೊತ್ತು ನಿಂತಿತು. ಆಮೇಲೆ, ಮೊದಲ ಬಾರಿಗೆ, ತಿದ್ದದೆ ಅಚ್ಚಿಗೆ ಕಳಿಸಿದಳು.