ಅವ್ವನ ಹೊಸ ಬೂಟು

ಗುರೆಳ್ಳು ಚಟ್ನಿಯ ಡಬ್ಬಿ ತೆರೆದರೆ ಇಂದಿಗೂ ನನಗೆ ಬಾಲಿ ದ್ವೀಪದ ಆ ನಸುಕು ನೆನಪಾಗುತ್ತದೆ.

ಗಜೇಂದ್ರಗಡದಿಂದ ಮನೆಮಂದಿ ಹನ್ನೊಂದು ಜನ ಪ್ರವಾಸ ಹೋಗಿದ್ದೆವು. ಹೊರದೇಶದ ಊಟ ಸೇರಲಿಕ್ಕಿಲ್ಲವೆಂದು ಅವ್ವ ವಾರವಿಡೀ ಕೆಡದಂಥ ಒಣ ಕಟಕ ರೊಟ್ಟಿ ಬಡಿದು, ಚಟ್ನಿಯ ಜೊತೆ ಬಟ್ಟೆಯ ಚೀಲದಲ್ಲಿ ತಂದಿದ್ದಳು. ಬೆಟ್ಟದ ಮೇಲೆ ಸೂರ್ಯೋದಯ ನೋಡಲೆಂದೇ ತನ್ನ ಬದುಕಿನ ಮೊದಲ ಬೂಟು ಕೊಂಡಿದ್ದಳು. "ಮೂರಕ್ಕ ಎಬ್ಬಸ್ರಿ ಅಕ್ಕಾರ," ಎಂದು ಅಪ್ಪನ ಅತ್ತಿಗೆ, ನನ್ನ ದೊಡ್ಡವ್ವನಿಗೆ ಎರಡು ಸಲ ಹೇಳಿ ಮಲಗಿದ್ದಳು.

ಮೂರಕ್ಕೆ ನಾನೂ ಅವ್ವನೂ ಮಲಗಿದ್ದ ಕೋಣೆಗೆ ಬಂದ ದೊಡ್ಡವ್ವ ನನ್ನೊಬ್ಬಳನ್ನೇ ಎಬ್ಬಿಸಿದಳು. ತುಟಿಯ ಮೇಲೆ ಬೆರಳಿಟ್ಟು, "ನಿಮ್ಮವ್ವ ಬಂದ್ರ ಎಲ್ಲಾರ್ಗೂ ತಡಾ ಆಗ್ತೈತಿ. ರೊಟ್ಟಿ ಚೀಲ ಅಷ್ಟ ತಗೊಂಡ ಬಾ," ಅಂದಳು. ನಾನು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡೆ.

ಬೆಟ್ಟದ ತುದಿಯಲ್ಲಿ ಕಪ್ಪು ಮಣ್ಣು ತಣ್ಣಗಿತ್ತು. ಸೂರ್ಯ ಹುಟ್ಟಿದಾಗ ಎಲ್ಲರೂ ರೊಟ್ಟಿ ಮುರಿಯುತ್ತಿದ್ದರು.

"ರೊಟ್ಟಿ ಬಡಿಯಾಕ ಚಲೋ ಅದಾಳ. ಆಕಿಗ್ಯಾಕ ಬೇಕು ಗುಡ್ಡಾ ಹತ್ತೂದು?" ದೊಡ್ಡವ್ವ ಅಂದಳು. ಎಲ್ಲರೂ ನಕ್ಕರು.

ಹಿಂತಿರುಗಿದಾಗ ಅವ್ವ ಹೋಟೆಲಿನ ಮೆಟ್ಟಿಲ ಮೇಲೆ ಬೂಟು ಹಾಕಿಕೊಂಡು ಕುಳಿತಿದ್ದಳು.

"ಎಷ್ಟ ಎಬ್ಬಿಸಿದ್ವಿ! ಹೆಣಾ ಬಿದ್ದಂಗ ಬಿದ್ದಿದ್ದಿ," ದೊಡ್ಡವ್ವ ಹೇಳಿದಳು.

ಅವ್ವ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದಳು. "ಖರೇ ಏನ?"

ದೊಡ್ಡವ್ವನ ಕೈ ನನ್ನ ಭುಜದ ಮೇಲಿತ್ತು. "ಹೂಂ," ಅಂದೆ.

ಅವ್ವ ನನ್ನ ಕೈಯಿಂದ ಖಾಲಿ ಚೀಲ ಇಸಿದುಕೊಂಡು, ಒಳಮಗ್ಗಲು ಹೊರಗೆ ತಿರುವಿ, ಅಂಟಿದ್ದ ಚಟ್ನಿಪುಡಿಯನ್ನು ನಿಧಾನವಾಗಿ ಝಾಡಿಸಿದಳು. ಆಮೇಲೆ ಬೂಟಿನ ಲೇಸಿಗೆ ಕೈ ಹಾಕಿದಳು. ಗಂಟು ಬಿಗಿಯಾಗಿತ್ತು. ಬಿಚ್ಚಲು ನಾನು ಬಾಗಿದೆ. ಅವ್ವ ಕಾಲು ಹಿಂದಕ್ಕೆಳೆದುಕೊಂಡಳು.