ಅಪ್ಪ ಒತ್ತಿ ನೋಡಿದ ಭುಜ

ನೋವಿನ ಮುಲಾಮಿನ ವಾಸನೆ ಬಂದರೆ ಈಗಲೂ ನನಗೆ ಡಲ್ಲಾಸ್‌ನ ಆ ಮಧ್ಯಾಹ್ನವೇ ನೆನಪಾಗುತ್ತದೆ. ಸ್ಕೂಲಿನ ಕುಸ್ತಿ ತಂಡ ಸೇರಲು ಅಪ್ಪನ ಸಹಿ ಬೇಕಿತ್ತು. ಅಪ್ಪ ಮೂಳೆ ಡಾಕ್ಟರು, ಒಪ್ಪಿರಲಿಲ್ಲ. ಅದಕ್ಕೇ ಅವರನ್ನು ಜಪಾನಿನ ಜೂನಿಯರ್ ಹೆವಿವೇಟ್, ಅಂದರೆ ಕಡಿಮೆ ತೂಕದ ವರ್ಗದ, ವೃತ್ತಿಪರ ಕುಸ್ತಿಪಟುವೊಬ್ಬನ ಪಂದ್ಯಕ್ಕೆ ಎಳೆದೊಯ್ದೆ. ಆತ ನಮ್ಮ ಅಮ್ಮನಷ್ಟೇ ಎತ್ತರ, ಎದುರಾಳಿ ನಮ್ಮ ಗರಾಜಿನಷ್ಟು ಅಗಲ. ಇಪ್ಪತ್ತು ವರ್ಷದಿಂದ ಇಂಥವರನ್ನೇ ಕೆಡವುತ್ತಿದ್ದಾನೆಂದು, ನಾನೇ ತರಬೇತಿ ಕೊಟ್ಟವಳಂತೆ ಕೊಚ್ಚಿಕೊಂಡೆ. ರಿಂಗಿನ ಹಗ್ಗದ ಮೇಲಿಂದ ಹಾರಿದವನು ಒಂದು ದೋಸೆ ತಿನ್ನುವಷ್ಟು ಹೊತ್ತು ಗಾಳಿಯಲ್ಲೇ ಇದ್ದ. ಗೆದ್ದೂಬಿಟ್ಟ.

ಆಮೇಲೆ ಆತ ಹೊರಗೆ ಮೇಜು ಹಾಕಿಕೊಂಡು ಅಭಿಮಾನಿಗಳಿಗೆ ತನ್ನ ಚಿತ್ರದ ಟೀ ಶರ್ಟ್ ಮಾರುತ್ತಿದ್ದಾಗ, ಮುಲಾಮು ಮೆತ್ತಿದ್ದ ಅವನ ಭುಜವನ್ನು ಅಪ್ಪ ಒತ್ತಿ ನೋಡಿ, ಈ ಕೀಲು ಎಷ್ಟು ಸಲ ಜಾರಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆತ ನಗುತ್ತಾ ಹತ್ತೂ ಬೆರಳು ತೋರಿಸಿದ. ಸಹಿಯ ಆಸೆ ಅಲ್ಲಿಗೇ ಮುಗಿಯಿತು ಅಂದುಕೊಂಡೆ.

ಕಾರಿನಲ್ಲಿ ಅಪ್ಪ, "ಆ ಭುಜ ಪೂರ್ತಿ ಹಾಳಾಗಿದೆ ಪುಟ್ಟಿ," ಎಂದರು.

"ಆದ್ರೂ ಗೆದ್ನಲ್ಲಪ್ಪಾ."

"ಗೆದ್ದಿದ್ದು ಬಿಡು. ಅಷ್ಟು ಸಲ ಬಿದ್ರೂ ತಲೆ ಒಂದ್ಸಲಾನೂ ತಾಗಿಸ್ಕೊಳ್ಳಲಿಲ್ಲ. ನಿಮ್ ಕೋಚು ಬೀಳೋದು ಹೇಳ್ಕೊಡ್ತಾರಾ?"

"ಮೊದಲನೇ ತಿಂಗಳು ಬರೀ ಬೀಳೋದೇ ಅಂತೆ," ಎಂದೆ. ಕೋಚ್ ಹೆಸರೂ ನನಗೆ ಗೊತ್ತಿರಲಿಲ್ಲ.

ಅಪ್ಪ ಕಾರು ನಿಲ್ಲಿಸಿ ಪೆನ್ನು ಕೇಳಿದರು.