ಸಿಟಿಗೆ ನಡೆದ ಶುಕ್ರವಾರ

ಕಿತ್ತಳೆ ಸುಲಿದಾಗಲೆಲ್ಲ ಕುವೈತಿನ ಕಡಲದಂಡೆ ನೆನಪಾಗುತ್ತದೆ.

ರಜೆಯಲ್ಲಿ ಊರಿಗೆ ಹೋದಾಗ ಕುಮಾರಪರ್ವತ ಹತ್ತಬೇಕೆಂದು ಅಪ್ಪನಿಗೆ ಹಟ. ಅದರ ತಾಲೀಮಿಗೆಂದು ಚಳಿಗಾಲದ ಒಂದು ಶುಕ್ರವಾರ ಬೆಳಿಗ್ಗೆ ಅಮ್ಮನನ್ನೂ ನನ್ನನ್ನೂ ಫಿಂಟಾಸಿನ ಮನೆಯಿಂದ ಕಡಲದಂಡೆಗುಂಟ ಕುವೈತ್ ಸಿಟಿಗೆ ನಡೆಸಿಕೊಂಡು ಹೊರಟ. ನಡೆಯುವವರನ್ನು ಕಂಡರೆ ಅಲ್ಲಿನ ಟ್ಯಾಕ್ಸಿಯವರಿಗೆ ಸಮಾಧಾನವಿಲ್ಲ. ಒಬ್ಬೊಬ್ಬರೂ ನಿಧಾನಿಸಿ ಹಾರ್ನ್ ಹೊಡೆಯುತ್ತಿದ್ದರು, ಅಪ್ಪ ಕೈಯಾಡಿಸಿ ಕಳಿಸುತ್ತಿದ್ದ.

"ಟ್ಯಾಕ್ಸಿ ಹತ್ತಿಬಿಡೋಣ ರೀ, ಬೆಟ್ಟ ಎಲ್ಲೂ ಓಡಿಹೋಗಲ್ಲ" ಎಂದು ಗೊಣಗುತ್ತಲೇ ಅಮ್ಮ ಕಿತ್ತಳೆ ಸುಲಿದು ನನ್ನ ಕೈಗೆ ತೊಳೆ ಇಡುತ್ತಿದ್ದಳು.

ಸಂಜೆ ದೂರದಲ್ಲಿ ಸಿಟಿಯ ಗೋಪುರಗಳು ಕಂಡವು. ಕುಂಟುತ್ತಿದ್ದ ಅಪ್ಪ ಈ ಸಲ ತಾನೇ ಕೈ ಎತ್ತಿ ಟ್ಯಾಕ್ಸಿ ನಿಲ್ಲಿಸಿ ಬಾಗಿಲು ತೆರೆದ.

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಇಷ್ಟು ದೂರ ನಡೆಸಿ ಈಗ ಟ್ಯಾಕ್ಸಿನಾ? ನೀವು ಹತ್ಕೊಂಡು ಬನ್ನಿ" ಎಂದು ನನ್ನ ಕೈ ಹಿಡಿದು ಮುಂದೆ ನಡೆದಳು.

ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿದ ಸದ್ದಾಯಿತು. ಆಮೇಲೆ ಅಪ್ಪನ ಕುಂಟು ಹೆಜ್ಜೆ.